ಟ್ಯಾಂಕಿನ ಮೇಲಿನ ಬಿಸಿಲು

ನಮ್ಮ ಮನೆಯಲ್ಲಿ ಹೊತ್ತು ಕಂತಿತೋ ಇಲ್ಲವೋ ಎಂದು ಹೇಳುವ ಕೆಲಸ ಅಪ್ಪನದಾಗಿತ್ತು. ಅಮ್ಮನಿಗೆ ಕಣ್ಣು ಕಾಣುವುದಿಲ್ಲ. ಕಣ್ಣಿನ ಒತ್ತಡ ಯಾವ ಹನಿಮದ್ದಿಗೂ ಬಗ್ಗದೆ ಏರುತ್ತಾ ಹೋಗಿ, ಮೊದಲು ಅಕ್ಕಪಕ್ಕದ ನೋಟ ಹೋಯಿತು, ಆಮೇಲೆ ನಡುವಿನದೂ ಹೋಯಿತು. ಈಗ ಅವಳಿಗೆ ಹಗಲು ರಾತ್ರಿ ಎರಡೂ ಒಂದೇ. ಆದರೆ ಹೊತ್ತು ಕಂತಿದ ಮೇಲೆ ಬಾಯಿಗೆ ಅನ್ನ ಹಾಕುವುದಿಲ್ಲ ಎಂದು ಮದುವೆಗೆ ಮೊದಲೇ ಬಸದಿಯಲ್ಲಿ ನಿಂತು ತೆಗೆದುಕೊಂಡ ವ್ರತ ಅವಳದು. ನಾವು ಜೈನರು. ಹಾಗೆಂದು ನಮ್ಮಲ್ಲಿ ಎಲ್ಲರೂ ಅಷ್ಟು ಕಟ್ಟುನಿಟ್ಟಲ್ಲ. ಅಪ್ಪನೇ ರಾತ್ರಿ ಟಿವಿಯ ಎದುರು ತಟ್ಟೆ ಹಿಡಿದು ಕೂರುವವರು; ನನ್ನ ಸುದ್ದಿ ಕೇಳುವುದೇ ಬೇಡ.

ಅಮ್ಮ ಬೆಳ್ತಂಗಡಿಯ ಕಡೆಯ ಒಂದು ಹೈಸ್ಕೂಲಿನಲ್ಲಿ ಹಿಂದಿ ಟೀಚರ್ ಆಗಿದ್ದವಳು. ಸ್ಪೋರ್ಟ್ಸ್ ಡೇ, ಚುನಾವಣಾ ಡ್ಯೂಟಿ, ತರಬೇತಿ ಎಂದು ತಡವಾಗಿ ಮನೆಗೆ ಬಂದ ದಿನ, ಒಂದು ಲೋಟ ನೀರು ಕುಡಿದು ಮಲಗಿಬಿಡುತ್ತಿದ್ದಳು. ಹಸಿವಾಗುವುದಿಲ್ಲವಾ ಎಂದು ಕೇಳಿದರೆ, "ಆಗ್ತದೆ. ಆಗಲಿ" ಎನ್ನುತ್ತಿದ್ದಳು. ಮನೆಯಲ್ಲಿ ನಮ್ಮದು ತುಳುವೇ ಆದರೂ ಅಮ್ಮ ಗಟ್ಟಿಯಾಗಿ ಏನಾದರೂ ಹೇಳಬೇಕಾದರೆ ಕನ್ನಡಕ್ಕೆ ಬರುತ್ತಿದ್ದಳು. ಅವಳ ಕನ್ನಡ ಕೇಳಿದ ಕೂಡಲೇ ಅಪ್ಪ ಪೇಪರ್ ಮಡಚಿಟ್ಟು ನೆಟ್ಟಗೆ ಕೂರುತ್ತಿದ್ದರು. ಅವಳನ್ನು ಅವರು ಕರೆಯುತ್ತಿದ್ದದ್ದೇ "ಟೀಚರೇ" ಎಂದು.

ಮೂಡುಬಿದಿರೆ ಪೇಟೆಯ ಬಾಡಿಗೆ ಮನೆಯಲ್ಲಿ ಇದ್ದಾಗ ಮಸೀದಿಯ ಸಂಜೆಯ ಬಾಂಗ್ ಕೇಳುತ್ತಿತ್ತು. ಕಣ್ಣು ಮಂಜಾದ ಮೇಲೆ ಅಮ್ಮನಿಗೆ ಅದೇ ಗಡಿಯಾರ. ಬಾಂಗ್ ಆಗುವುದಕ್ಕೆ ಮುಂಚೆ ಉಂಡು, ಕೈ ತೊಳೆದು, ಬಾಯಿ ಮುಕ್ಕಳಿಸಿ ಕೂತಿರುತ್ತಿದ್ದಳು. ಆಮೇಲೆ ನಾವು ಮಿಜಾರಿನ ಕಡೆ ಒಂದು ಸಣ್ಣ ಮನೆ ಮಾಡಿದೆವು. ಅಲ್ಲಿಗೆ ಬಾಂಗೂ ಇಲ್ಲ, ಬಸದಿಯ ಗಂಟೆಯೂ ಇಲ್ಲ. ಮನೆ ಪೂರ್ವಕ್ಕೆ ಮುಖ ಮಾಡಿದೆ. ಅಂಗಳಕ್ಕೆ ಶೀಟು ಹಾಕಿಸಿದ್ದೇವೆ, ಸಂಜೆ ಬಿಸಿಲು ಒಳಗೆ ಬೀಳುವುದೇ ಇಲ್ಲ. ಎದುರು ಮನೆಯ ತಾರಸಿಯ ಕಪ್ಪು ನೀರಿನ ಟ್ಯಾಂಕಿನ ಮೇಲೆ ಮಾತ್ರ ಕೊನೆಯ ಬಿಸಿಲು ಉಳಿಯುತ್ತದೆ. ಅಪ್ಪ ಅದನ್ನು ನೋಡಿ ಹೇಳುತ್ತಿದ್ದರು, "ಟೀಚರೇ, ಟ್ಯಾಂಕಿನ ಮೇಲೆ ಬಿಸಿಲುಂಟು. ನಿಧಾನಕ್ಕೆ ಊಟ ಮಾಡು."

ನಾನು ಮದುವೆಯಾಗಿ ಹೋಗಿ ವಾಪಸು ಬಂದವಳು. ಅದು ಬೇರೆ ಕತೆ. ಬಂಟ್ವಾಳದ ಒಂದು ಸಹಕಾರಿ ಸೊಸೈಟಿಯಲ್ಲಿ ಕೆಲಸ. ಬಾಗಿಲು ಹಾಕಿ ಬಸ್ಸು ಹಿಡಿದರೆ, ಸಿದ್ದಕಟ್ಟೆಯಲ್ಲಿ ಡ್ರೈವರ್ ಚಾ ಕುಡಿದು ಮುಗಿಸುವ ತನಕ ಕಾದು, ಮನೆ ಮುಟ್ಟುವಾಗ ಚಳಿಗಾಲದಲ್ಲಿ ಕತ್ತಲೆಯೇ. ಅಮ್ಮನಿಗೆ ಬೆಳಿಗ್ಗೆ ಮಾಡಿದ್ದು ಸಂಜೆಗೆ ಆಗದು, ಬಿಸಿಬಿಸಿ ಆಗಬೇಕು. ಅಪ್ಪನಿಗೆ ಕೈ ನಡುಗುತ್ತದೆ. ಒಮ್ಮೆ ಒಲೆಯ ಹತ್ತಿರ ಹೆಗಲ ಮೇಲಿನ ಬೈರಾಸಿಗೆ ಬೆಂಕಿ ಹಿಡಿಸಿಕೊಂಡ ಮೇಲೆ ನಾನು ಗ್ಯಾಸ್ ಬಂದ್ ಮಾಡಿಯೇ ಹೋಗುತ್ತಿದ್ದೆ. ಅಡುಗೆಗೆ ಜನ ಹುಡುಕಿ ಸುಸ್ತಾಗಿದ್ದೆ. ಹಾಗಾಗಿ ನಾನು ಬಂದು ಬ್ಯಾಗು ಬಿಸಾಡಿ, ಗಂಜಿಗಿಟ್ಟು, ಒಂದು ಪಲ್ಯ ಮಾಡಿ, ಅಮ್ಮನಿಗೆ ಇನ್ಸುಲಿನ್ ಚುಚ್ಚಿ, ತಟ್ಟೆ ಕೊಡುವುದು. ಅಮ್ಮನಿಗೆ ಸಕ್ಕರೆ ಕಾಯಿಲೆ ಹಳೆಯದು. ಒಮ್ಮೆ ಹೊತ್ತು ಕಂತಿತೆಂದು ಊಟ ಬಿಟ್ಟು ಮಲಗಿ, ಬೆಳಿಗ್ಗೆ ಬೆವರಿ ಒದ್ದೆಯಾಗಿ, ಕರೆದರೆ ಓಗೊಡದೆ, ಆಸ್ಪತ್ರೆಗೆ ಹೊತ್ತುಕೊಂಡು ಹೋಗಿದ್ದೆವು. ರಾತ್ರಿಯ ಊಟ ತಪ್ಪಿದರೆ ಇನ್ನೊಮ್ಮೆ ಕಷ್ಟ ಎಂದು ಡಾಕ್ಟರರು ಅಪ್ಪನನ್ನು ಹೊರಗೆ ಕರೆದು ಹೇಳಿದ್ದರು.

ಅದಾದ ಮೇಲೆ ಚಳಿಗಾಲದಲ್ಲೂ, ಟ್ಯೂಬ್‌ಲೈಟಿನ ಕೆಳಗೆ, ಅಮ್ಮ ಸಮಾಧಾನದಿಂದ ಉಣ್ಣುತ್ತಿದ್ದಳು. ಕಾಯಿಲೆಯವರಿಗೆ ವಿನಾಯಿತಿ ಉಂಟಲ್ಲ, ವ್ರತವನ್ನು ಸ್ವಲ್ಪ ಸಡಿಲ ಮಾಡಿದ್ದಾಳೆ ಎಂದುಕೊಂಡೆ. ಅವಳನ್ನು ಕೇಳಲಿಲ್ಲ. ಕೇಳಿದರೆ ಮತ್ತೆ ಹಟ ಹಿಡಿದಾಳು, ಹುಣ್ಣು ಕೆದಕುವುದು ಯಾಕೆ ಎಂದು ಸುಮ್ಮನಿದ್ದೆ. ಅಪ್ಪ ಟ್ಯಾಂಕಿನ ವಿಷಯ ಹೇಳುವಾಗ ನಾನು ಅಡುಗೆ ಕೋಣೆಯಲ್ಲಿ ಇರುತ್ತಿದ್ದೆ. ಒಂದೆರಡು ಸಲ ಕಿವಿಗೆ ಬಿದ್ದಿತ್ತು. ಅದು ಗಂಡ ಹೆಂಡತಿಯ ಹಳೆಯ ತಮಾಷೆ ಎಂದು ತಿಳಿದಿದ್ದೆ.

ಇಂಥ ಮನೆಗೆ ಆ ಮಾತಾಡುವ ಪೆಟ್ಟಿಗೆ ತಂದವಳು ನಾನು.

ಆಫೀಸಿನ ಕ್ಯಾಶ್ ಕೌಂಟರಿನವಳು ಹೇಳಿದ್ದು. "ನಮ್ಮ ಅತ್ತೆಗೆ ತಂದಿಟ್ಟಿದ್ದೇವೆ ಮಾರಾಯ್ತಿ. ಬಾಯಲ್ಲಿ ಕೇಳಿದ್ರೆ ಸಾಕು, ಗಂಟೆ ಹೇಳ್ತದೆ, ಭಜನೆ ಹಾಕ್ತದೆ. ಕಣ್ಣು ಕಾಣದವರಿಗೆ ಅದರಷ್ಟು ಉಪಕಾರ ಯಾವುದೂ ಇಲ್ಲ." ನನಗೆ ಆ ಮಾತು ಹಿಡಿಸಿತು. ಮನುಷ್ಯರಿಗಿಂತ ಯಂತ್ರಗಳ ಮೇಲೆ ನನಗೆ ಯಾವತ್ತೂ ಹೆಚ್ಚು ನಂಬಿಕೆ. ಅಪ್ಪನಿಗೂ ಬಿಡುವು ಸಿಗಲಿ ಎಂದುಕೊಂಡೆ. ಬೆಳಗಿನಿಂದ ಸಂಜೆವರೆಗೆ ಪೇಪರ್ ಓದಿ ಹೇಳುವುದು, ಮಾತ್ರೆ ಗುರುತಿಸಿ ಕೊಡುವುದು, ಯಾರು ಗೇಟು ತೆಗೆದರು ಎಂದು ನೋಡುವುದು, ಎಲ್ಲ ಅವರೇ. ಅವರಿಗೂ ಪ್ರಾಯ ಆಗಿತ್ತು.

ನವೆಂಬರಿನ ಒಂದು ಆದಿತ್ಯವಾರ ಅದನ್ನು ಕೂರಿಸಿದೆ. ಸಣ್ಣ ತೆಂಗಿನಕಾಯಿಯಷ್ಟು ದೊಡ್ಡದು, ಸುತ್ತ ಬಟ್ಟೆ ಹೊದೆಸಿದ್ದು. ವಯರು ಚುಚ್ಚಿದೆ, ಅದರ ತಲೆಯ ಮೇಲೆ ಬೆಳಕಿನ ಬಳೆ ತಿರುಗಿತು. ವೈಫೈ ಹಿಡಿಸಲು ಸಾಕುಬೇಕಾಯಿತು. ಪಾಸ್‌ವರ್ಡ್ ತಪ್ಪು, ಓಟಿಪಿ ಬರುವುದು ತಡ, ಬಂದಾಗ ಅದರ ಗಡುವು ಮುಗಿದಿರುತ್ತಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಬಾಯಿಗೆ ಬಂದದ್ದೆಲ್ಲ ಬೈದೆ. ಅಮ್ಮ ಪಕ್ಕದಲ್ಲಿ ಕುರ್ಚಿ ಎಳೆದು ಕೂತು, ನಾನು ಏನು ಒತ್ತುತ್ತಿದ್ದೇನೆ ಎಂದು ಒಂದೊಂದಾಗಿ ಕೇಳುತ್ತಿದ್ದಳು. ಭಾಷೆ ಯಾವುದು ಎಂದು ಬಂದಾಗ "ಹಿಂದಿ ಹಾಕು" ಎಂದಳು.

ಹಾಕಿದೆ. ಅದು ನಮಸ್ಕಾರ ಹೇಳಿತು. ಅಮ್ಮನ ಮುಖ ಅರಳಿದ್ದನ್ನು ನಾನು ಮರೆಯಲಾರೆ. ನಿವೃತ್ತಿಯಾದ ಮೇಲೆ ಅವಳೊಡನೆ ಹಿಂದಿ ಮಾತಾಡುವವರೇ ಇರಲಿಲ್ಲ. ಶುದ್ಧ, ಪಾಠ ಮಾಡುವ ಹಿಂದಿಯಲ್ಲಿ ಅವಳು ಕೇಳಿದಳು, ಅದು ಉತ್ತರ ಕೊಟ್ಟಿತು. "ನೋಡು ಮಗಾ, ಸ್ತ್ರೀಲಿಂಗ ಪುಲ್ಲಿಂಗ ಒಂದೂ ತಪ್ಪುವುದಿಲ್ಲ. ಇಡೀ ತಾಲೂಕಿನ ಮಕ್ಕಳಿಗೆ ಕಲಿಸಲಿಕ್ಕೆ ನನಗೆ ಆಗಲಿಲ್ಲ" ಎಂದು ನಕ್ಕಳು. ಅಪ್ಪ ಮಾತ್ರ ಬಾಗಿಲ ಬಳಿ ನಿಂತು ಪೆಟ್ಟಿಗೆಯನ್ನೇ ನೋಡುತ್ತಿದ್ದರು.

"ಇದು ಎಂತೆಲ್ಲಾ ಹೇಳ್ತದೆ?" ಎಂದು ಕೇಳಿದರು.

"ಎಲ್ಲ ಹೇಳ್ತದೆ ಅಪ್ಪ. ಗಂಟೆ, ಹವಾಮಾನ, ಸೂರ್ಯ ಹುಟ್ಟುವುದು, ಕಂತುವುದು."

"ಬೇಡ ಮಗಾ. ವಾಪಸು ಕೊಡುವ. ನಾನು ಇದ್ದೇನಲ್ಲ."

ಅವರಿಗೆ ಹೊಟ್ಟೆಕಿಚ್ಚು ಎಂದು ನಾನು ತಮಾಷೆ ಮಾಡಿದೆ. ಅಮ್ಮನೂ ಸೇರಿಕೊಂಡಳು.

ಅಮ್ಮ ಆಗಲೇ ಇವತ್ತು ಸೂರ್ಯಾಸ್ತ ಎಷ್ಟು ಹೊತ್ತಿಗೆ ಎಂದು ಕೇಳಿದ್ದಳು. ಅದು ಉತ್ತರ ಹಿಂದೂಸ್ಥಾನದ ಯಾವುದೋ ಊರಿನ ಹೆಸರು ಹಿಡಿದು, ಆ ಊರಿನ ಲೆಕ್ಕ ಹೇಳಿತು. ನಾನು ಫೋನಿನಲ್ಲಿ ವಿಳಾಸ ತೆಗೆದು, ಮೂಡುಬಿದಿರೆಯ ಪಿನ್‌ಕೋಡ್ ಒತ್ತಿ ಸರಿಮಾಡಿದೆ. ಮತ್ತೆ ಕೇಳಿದಾಗ ನಮ್ಮೂರಿನ ಸಮಯ ಬಂತು.

"ನೀನು ಯಾವ ಊರು ಹೇಳಿದ್ರೆ ಆ ಊರಿನ ಸೂರ್ಯನಾ ಅದಕ್ಕೆ?" ಎಂದು ಅಮ್ಮ ಕೇಳಿದಳು.

"ಹೌದಮ್ಮ. ನಾನು ಫೋನಿನಲ್ಲಿ ಹೇಳಿದ ಹಾಗೆ ಕೇಳ್ತದೆ."

ಆ ದಿನ ರಜೆಯಾದ್ದರಿಂದ ಬೇಗ ಅಡುಗೆಯಾಯಿತು. ಟ್ಯಾಂಕಿನ ಮೇಲೆ ಬಿಸಿಲು ನಿಜವಾಗಿಯೂ ಇತ್ತು. ಮೂವರೂ ನಗುತ್ತಾ ಒಟ್ಟಿಗೆ ಉಂಡೆವು.

ಸೋಮವಾರ ಸಂಜೆ ನಾನು ಬರುವಾಗ ಪೆಟ್ಟಿಗೆಯ ಪ್ಲಗ್ಗು ಕಿತ್ತು ಇಟ್ಟಿತ್ತು. ಸಿಡಿಲಿಗೆ ತೆಗೆದದ್ದು ಎಂದರು ಅಪ್ಪ. ನಮ್ಮ ಕಡೆ ಅದು ದೊಡ್ಡ ವಿಷಯವಲ್ಲ. ಮಳೆ ಬಿಡುವ ಕಾಲದಲ್ಲಿ ಸಂಜೆ ಗುಡುಗಿದರೆ ಟಿವಿ, ಫ್ರಿಜ್ಜು, ಎಲ್ಲದರ ಪ್ಲಗ್ಗು ಕೀಳದ ಮನೆ ಇಲ್ಲ. ಮರುದಿನವೂ ಕಿತ್ತಿತ್ತು. ಅದರ ಮರುದಿನ ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ, ಆಗಲೂ ಕಿತ್ತಿತ್ತು. ಫ್ರಿಜ್ಜು ಮಾತ್ರ ತಣ್ಣಗೆ ಓಡುತ್ತಿತ್ತು.

"ಎಂತ ಸಿಡಿಲಪ್ಪ? ಫ್ರಿಜ್ಜಿಗೆ ಬಡಿಯದ ಸಿಡಿಲು ಇದಕ್ಕೆ ಮಾತ್ರ ಬಡಿಯುತ್ತದಾ?" ಎಂದು ನಾನು ರೇಗಿದೆ. "ಅಮ್ಮನಿಗೆ ಒಂದು ಖುಷಿ ಅಂತ ತಂದದ್ದು. ಅದನ್ನೂ ಕಂಡರಾಗುವುದಿಲ್ಲವಾ ನಿಮಗೆ?"

ಅಪ್ಪ ಏನೋ ಹೇಳಲು ಬಾಯಿ ತೆರೆದರು. ಅಮ್ಮ ಪಕ್ಕದಲ್ಲೇ ಇದ್ದಳು. "ಅದಲ್ಲ ಮಾರಾಯ್ತಿ..." ಎಂದು ನಿಲ್ಲಿಸಿದರು. ಅವರು ನನ್ನನ್ನು ಹೊರಗೆ ಕರೆದು ಹೇಳಬಹುದಿತ್ತು. ನನ್ನ ಮುಖ ನೋಡಿಯೇ ಹಿಂಜರಿದರೇನೋ. ನಾನು ಪೆಟ್ಟಿಗೆಯನ್ನು ಕಪಾಟಿನ ಮೇಲಕ್ಕೆ ಏರಿಸಿದೆ. ಅದರ ಹಿಂದೆ, ಕುರ್ಚಿ ಹತ್ತಿದರೆ ಮಾತ್ರ ಕೈಗೆಟಕುವ ಪ್ಲಗ್ ಪಾಯಿಂಟಿಗೆ ಚುಚ್ಚಿ, ಗೆದ್ದವಳ ಹಾಗೆ ಕೈ ಕೊಡವಿಕೊಂಡೆ. ಅಪ್ಪನಿಂದ ಕುರ್ಚಿ ಹತ್ತಲು ಆಗದು ಎಂದು ನನಗೆ ಗೊತ್ತಿತ್ತು.

ಮರುದಿನ ಸಂಜೆ ಬಸ್ಸು ಇನ್ನಷ್ಟು ತಡ. ಬಂದು ಗಂಜಿ ಬೇಯಿಸಿದೆ, ಬಸಳೆ ಹುರಿದೆ, ಅಮ್ಮನ ಹೊಟ್ಟೆಗೆ ಇನ್ಸುಲಿನ್ ಚುಚ್ಚಿದೆ. ತಟ್ಟೆ ಇಟ್ಟೆ. ಅಪ್ಪ ಅಂದು ಟ್ಯಾಂಕಿನ ಮಾತು ಎತ್ತಲಿಲ್ಲ. ಅಮ್ಮನೇ ಕೇಳಿದಳು.

"ಹೊತ್ತು ಕಂತಿತಾ ಇವರೇ?"

ಅಪ್ಪ ಕಪಾಟಿನ ಕಡೆ ನೋಡಿದರು. "ಇಲ್ಲ. ಟ್ಯಾಂಕಿನ ಮೇಲೆ ಬಿಸಿಲುಂಟು."

ನಾನು ಕಿಟಕಿಯ ಕಡೆ ತಿರುಗಿದೆ. ಹೊರಗೆ ಕಪ್ಪು ಕತ್ತಲೆ. ಆಗ ನನಗೆ ಒಟ್ಟಿಗೆ ಎಲ್ಲ ಅರ್ಥವಾಯಿತು: ಪ್ಲಗ್ಗು, ಸಿಡಿಲು, ಬೇಡ ಮಗಾ ಎಂದದ್ದು. ಅಮ್ಮ ಮೊದಲ ತುತ್ತು ನುಂಗಿದ್ದಳು. ಅವಳಿಗೆ ಸಂಶಯವೇನೂ ಇರಲಿಲ್ಲ. ಹೊಸ ಶಿಷ್ಯನನ್ನು ಪರೀಕ್ಷೆ ಮಾಡುವ ಖುಷಿ ಅಷ್ಟೆ. ಮುಖ ಮೇಲೆತ್ತಿ, ಪೆಟ್ಟಿಗೆಯ ಹೆಸರು ಹಿಡಿದು ಕರೆದು, ಇನ್ನು ಎಷ್ಟು ಹೊತ್ತಿಗೆ ಸೂರ್ಯಾಸ್ತ ಎಂದು ಹಿಂದಿಯಲ್ಲಿ ಕೇಳಿದಳು.

ಅದು ತನ್ನ ಸಿಹಿ ದನಿಯಲ್ಲಿ, ಇಂದಿನ ಸೂರ್ಯಾಸ್ತ ಆಗಿಹೋಗಿದೆ ಎಂದಿತು. ಅಮ್ಮ ಗಂಟೆ ಕೇಳಿದಳು. ಅದನ್ನೂ ಹೇಳಿತು.

ಅಮ್ಮ ತಟ್ಟೆಯಿಂದ ಕೈ ತೆಗೆದಳು. ಕಿರುಚಲಿಲ್ಲ. ಕೈ ತೊಳೆಯಲು ನೀರು ಬೇಕು ಎಂದಳು. ನಾನು ತಂಬಿಗೆ ಹಿಡಿದೆ, ಅವಳು ತಟ್ಟೆಗೇ ಕೈ ತೊಳೆದಳು. ಗಂಜಿಯ ಮೇಲೆ ನೀರು ನಿಂತಿತು.

"ಯಾವಾಗಿನಿಂದ?" ಎಂದು ಕೇಳಿದಳು. ಅದು ಕ್ಲಾಸಿನ ಕನ್ನಡ.

"ಆಸ್ಪತ್ರೆಯಿಂದ ಬಂದ ಮೇಲೆ" ಎಂದರು ಅಪ್ಪ. "ಮಳೆಗಾಲದಲ್ಲಿ ಸುಳ್ಳು ಹೇಳಲಿಲ್ಲ. ಆಗ ಹೊತ್ತು ಇರ್ತದೆ. ಚಳಿಗೆ ಮಾತ್ರ. ನೀನು ಉಣ್ಣದಿದ್ರೆ..."

"ಕಣ್ಣು ಹೋದಾಗ ನಾನು ಅಳಲಿಲ್ಲ. ನೀವು ಇದ್ದೀರಿ ಅಂತ."

ಅಪ್ಪ ಅತ್ತರು. ಅಪ್ಪ ಅತ್ತದ್ದನ್ನು ಅದಕ್ಕೆ ಮುಂಚೆ ನಾನು ನೋಡಿರಲಿಲ್ಲ. ಅಮ್ಮನಿಗೆ ಅದು ಕಾಣಲಿಲ್ಲ, ಕೇಳಿಸಿತೋ ಇಲ್ಲವೋ. ನಾನು ಅವಳ ಕಾಲ ಬಳಿ ಕೂತು, ಇನ್ಸುಲಿನ್ ಕೊಟ್ಟಾಗಿದೆ, ಈಗ ಉಣ್ಣದಿದ್ದರೆ ಜೀವಕ್ಕೇ ಕುತ್ತು ಬರುತ್ತದೆ, ಇವತ್ತೊಂದು ದಿನ ಉಣ್ಣು ಎಂದು ಬೇಡಿಕೊಂಡೆ. ಬೈದೆ ಕೂಡ. ಅವಳು ಬಾಯಿ ಬಿಗಿದು ಗೋಡೆಗೆ ಮುಖ ಮಾಡಿ ಮಲಗಿದಳು.

ಆ ರಾತ್ರಿಯನ್ನು ಬರೆಯಲು ನನ್ನಿಂದಾಗದು. ಬೆಳಗಿನ ಜಾವ ಅವಳ ಮೈ ಬೆವರತೊಡಗಿತು, ಮಾತು ತೊದಲಿತು, ಆಮೇಲೆ ಮಾತೇ ನಿಂತಿತು. ನಾನು ಗ್ಲೂಕೋಸ್ ಪುಡಿಯನ್ನು ಬೆರಳಿಗೆ ಹಚ್ಚಿ ಅವಳ ಕೆನ್ನೆಯ ಒಳಗೆ, ವಸಡಿಗೆ ಉಜ್ಜಿದೆ. ಅಪ್ಪ ತಲೆ ಹಿಡಿದುಕೊಂಡಿದ್ದರು. ಎದುರು ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಹೋದೆವು. ಡ್ರಿಪ್ ಹಾಕಿ, ಎಚ್ಚರ ಬಂದು, ನಾಲಗೆಯಲ್ಲಿ ತುಟಿ ಸವರಿಕೊಂಡಾಗ ಅವಳಿಗೆ ಸಿಹಿ ತಾಗಿರಬೇಕು.

"ಬಾಯಿಗೆ ಎಂತ ಹಾಕಿದ್ದು?"

"ಗ್ಲೂಕೋಸ್ ಅಮ್ಮ."

"ಆಗ ಹೊತ್ತು ಮೂಡಿತ್ತಾ?"

ಅಪ್ಪ ನನ್ನ ಮುಖ ನೋಡಿದರು. ನಾನು ಮೂಡಿತ್ತು ಎಂದೆ. ನನ್ನ ದನಿ ಅಪ್ಪನ ದನಿಯಂತೆಯೇ ಇತ್ತು, ಅದೇ ಮೆತ್ತಗಿನ, ಮುದ್ದು ಮಾಡುವ ದನಿ. ಅಮ್ಮ ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡಳು. ಇನ್ನೇನೂ ಕೇಳಲಿಲ್ಲ.

ಮನೆಗೆ ಬಂದ ಮೇಲೆ ಅವಳು ಸಂಜೆಯ ಊಟವನ್ನೇ ಬಿಟ್ಟಳು. ಇಷ್ಟು ಚಳಿಗಾಲ ಕತ್ತಲೆಯಲ್ಲಿ ಉಂಡದ್ದಕ್ಕೆ ಪ್ರಾಯಶ್ಚಿತ್ತವೋ, ಯಾರ ಮಾತನ್ನೂ ನಂಬಿ ಬಾಯಿ ತೆರೆಯಬಾರದು ಎಂದೋ, ಅವಳು ಹೇಳಲಿಲ್ಲ. ಮಧ್ಯಾಹ್ನ ಮಾತ್ರ ಒಂದು ಊಟ. ಮಧ್ಯಾಹ್ನದ ಬಗ್ಗೆ ಅನುಮಾನ ಇಲ್ಲ, ಕಿಟಕಿಯ ಕಬ್ಬಿಣ ಮುಟ್ಟಿದರೆ ಸುಡುತ್ತದೆ. ಅಷ್ಟು ಹೊತ್ತಿಗೆ ಬಡಿಸಲು ಬೆಳಿಗ್ಗೆ ನಾನು ಮಾಡಿಟ್ಟದ್ದನ್ನೇ ಕೊಡಬೇಕು. ಅದನ್ನು ಅವಳು ಸಹಿಸಿಕೊಂಡಳು. ಡಾಕ್ಟರರು ಸಂಜೆಯ ಇನ್ಸುಲಿನ್ ನಿಲ್ಲಿಸಿದರು. ಸಕ್ಕರೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಹೀಗೇ ಆದರೆ ಕಿಡ್ನಿ ತಡೆಯುವುದಿಲ್ಲ ಎಂದರು. ಮೈ ಇಳಿಯಿತು. ಕುಪ್ಪಸದ ತೋಳು ಜೋತುಬಿತ್ತು. ಎದುರು ಮನೆಯಾಕೆ ಸಂಜೆ ಬೇಗ ಗಂಜಿ ಮಾಡಿ ತಂದುಕೊಡುತ್ತೇನೆ ಎಂದು ತಾನಾಗಿ ಬಂದು ಹೇಳಿದಳು. ಅಮ್ಮ ಅವಳಿಗೆ ಕೈ ಮುಗಿದು ಬೇಡ ಎಂದಳು.

ಅವಳು ಪೆಟ್ಟಿಗೆಯನ್ನು ದೂರ ಮಾಡಿರಲಿಲ್ಲ. ಹಾಗಾಗಿ ನನಗೆ ಒಂದು ಆಸೆ ಇತ್ತು. ಮನುಷ್ಯರ ಮೇಲೆ ನಂಬಿಕೆ ಹೋದರೂ ಅದರ ಮೇಲೆ ಇದ್ದೀತು, ಸುಳ್ಳನ್ನು ಎತ್ತಿ ತೋರಿಸಿದ್ದು ಅದೇ ಅಲ್ಲವೇ. ಮ್ಯಾನೇಜರನ್ನು ಕಾಡಿ ಬೇಡಿ, ಬೆಳಿಗ್ಗೆ ಬೇಗ ಬಂದು ಸಂಜೆ ಬೇಗ ಹೋಗುವ ಒಪ್ಪಿಗೆ ಪಡೆದೆ. ಮೊದಲ ದಿನ ಬಸ್ಸಿನಿಂದ ಇಳಿದು ಓಡುತ್ತಲೇ ಬಂದೆ. ಎದುರು ಮನೆಯ ಟ್ಯಾಂಕು ಬಿಸಿಲಿಗೆ ಹೊಳೆಯುತ್ತಿತ್ತು. ಇಷ್ಟು ಸಂತೋಷ ನನಗೆ ಆಗಿ ಬಹಳ ಕಾಲವಾಗಿತ್ತು. ಗಂಜಿ ಮಾಡಿದೆ, ಅವಳಿಗೆ ಇಷ್ಟದ ತೊಂಡೆಕಾಯಿ ಪಲ್ಯ ಮಾಡಿದೆ, ತುಪ್ಪ ಹಾಕಿದೆ. ತಟ್ಟೆ ಹಿಡಿದು ಅವಳ ಮುಂದೆ ಕೂತೆ.

"ಅಮ್ಮ, ನಾನು ಬೇಗ ಬಂದೆ. ಇನ್ನು ಪ್ರತಿ ದಿನ ಬೇಗ ಬರ್ತೇನೆ. ಹೊರಗೆ ಒಳ್ಳೆ ಬಿಸಿಲುಂಟು, ಸತ್ಯವಾಗಿ."

ಅವಳು ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡಳು.

"ನನ್ನನ್ನು ನಂಬಬೇಡ. ಅದನ್ನೇ ಕೇಳು" ಎಂದೆ. ಅವಳು ಕೇಳದಿದ್ದಾಗ ನಾನೇ, ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ಸೂರ್ಯಾಸ್ತಕ್ಕೆ ಇನ್ನೂ ಬಹಳ ಹೊತ್ತು ಇದೆ ಎಂದು ಅದು ಸ್ಪಷ್ಟವಾಗಿ ಹೇಳಿತು. ಅಮ್ಮ ತಲೆ ಬಗ್ಗಿಸಿ ಕೇಳಿಸಿಕೊಂಡಳು. ಆಮೇಲೆ ಕೈ ಚಾಚಿ ತಟ್ಟೆಯ ಅಂಚನ್ನು ಹುಡುಕಿ, ಅದನ್ನು ಮೆಲ್ಲಗೆ ನನ್ನ ಕಡೆ ದೂಡಿದಳು.

"ಅದಕ್ಕೆ ಊರು ಹೇಳಿಕೊಟ್ಟದ್ದು ನೀನೇ ಅಲ್ವಾ ಮಗಾ" ಎಂದಳು. "ನಿನ್ನ ಫೋನಿನಲ್ಲಿ."

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನಾನು ಜಗಳ ಆಡುತ್ತಿದ್ದೆ. ಕೈ ಹಿಡಿದು ರಸ್ತೆಗೆ ಕರೆದುಕೊಂಡು ಹೋಗುತ್ತೇನೆ, ಬಿಸಿಲು ಮುಖಕ್ಕೆ ತಾಗಿದರೆ ಗೊತ್ತಾಗುತ್ತದೆ ಎಂದೆ. ಸುಸ್ತಾಗ್ತದೆ, ಬೇಡ ಎಂದಳು. ನಿಜಕ್ಕೂ ಆಗ ಅವಳಿಗೆ ಗೇಟಿನವರೆಗೆ ನಡೆಯುವ ತ್ರಾಣ ಇರಲಿಲ್ಲ.

ನಾನು ತಟ್ಟೆ ಎತ್ತಿಕೊಂಡು ಹೊರಗೆ ಬಂದೆ. ಅಪ್ಪ ಶೀಟಿನ ಕೆಳಗೆ, ಕಂಬಕ್ಕೆ ಒರಗಿ ನಿಂತಿದ್ದರು. ಒಳಗಿನ ಮಾತು ಅವರಿಗೆ ಕೇಳಿತ್ತು. ಎದುರು ಟ್ಯಾಂಕಿನ ಮೇಲೆ ಬಿಸಿಲು ಹಾಗೆಯೇ ಇತ್ತು, ಮೇಲಿನ ಮುಚ್ಚಳದಿಂದ ಕೆಳಗಿನ ಪೈಪಿನ ತನಕ. ಅಪ್ಪ ನೋಡಿದರು, ನಾನೂ ನೋಡಿದೆ. ಒಳಗೆ ಹೋಗಿ ಅದನ್ನು ಅಮ್ಮನಿಗೆ ಹೇಳಲು ನಮ್ಮಿಬ್ಬರಲ್ಲಿ ಯಾರಿಗೂ ಬಾಯಿ ಬರಲಿಲ್ಲ.